ಹೈಸ್ಕೂಲ್ ಮಕ್ಕಳಿಗೆ ಯಜೀದಿಗಳ ಇತಿಹಾಸ ಹೇಳುವುದು ಹೇಗೆ

ಯಜೀದಿಗಳು ಉತ್ತರ ಇರಾಕಿನ ಒಂದು ಸಣ್ಣ ಧಾರ್ಮಿಕ ಸಮುದಾಯ; 2014ರಲ್ಲಿ ಐಸಿಸ್ ಉಗ್ರರು ಇವರ ನರಮೇಧ ಮಾಡಿದರು. ಆದರೆ ಇವರ ಪಾಠವನ್ನು ಆ 2014ರಿಂದ ಶುರು ಮಾಡಬೇಡಿ. ನಾನು ಮಂಡ್ಯ ಜಿಲ್ಲೆಯಲ್ಲಿ ಹೈಸ್ಕೂಲ್ ಮೇಷ್ಟ್ರು, ಸಮಾಜ ವಿಜ್ಞಾನ ಹೇಳುತ್ತೇನೆ. ವಿಶ್ವಸಂಸ್ಥೆ, ಮಾನವ ಹಕ್ಕು ಅಂತ ಮಾತು ಬಂದಾಗಲೆಲ್ಲ ಈ ಜನರ ವಿಷಯ ತೆಗೆಯುತ್ತೇನೆ. ಕೊಲೆ, ಅಪಹರಣದಿಂದಲೇ ಶುರು ಮಾಡಿದರೆ ಮಕ್ಕಳ ತಲೆಯಲ್ಲಿ ಸತ್ತವರು ಮಾತ್ರ ಉಳಿಯುತ್ತಾರೆ. ಹೇಗೆ ಬದುಕುವ ಜನ ಅನ್ನೋದು ಮೊದಲು ಗೊತ್ತಾಗಬೇಕು.

ಬೋರ್ಡಿನ ಮೇಲೆ ನಕ್ಷೆ ಎಳೆಯಿರಿ. ಇರಾಕ್, ಎಡಕ್ಕೆ ಸಿರಿಯಾ, ಮೇಲೆ ಟರ್ಕಿ. ಟೈಗ್ರಿಸ್ ನದಿ ಬರೆದು ದಡದಲ್ಲಿ ಮೋಸುಲ್ ಗುರುತು ಹಾಕಿ. ಅಲ್ಲಿಂದ ಪಶ್ಚಿಮಕ್ಕೆ, ಸಿರಿಯಾ ಗಡಿ ಹತ್ತಿರ ಸಿಂಜಾರ್ ಬೆಟ್ಟ. ಮೋಸುಲ್‌ನಿಂದ ಉತ್ತರಕ್ಕೆ ಶೇಖಾನ್ ಸೀಮೆ, ಲಾಲಿಶ್ ಕಣಿವೆ. ಬೆಟ್ಟ ಅಂದ ಕೂಡಲೇ ನಮ್ಮ ಮಕ್ಕಳು ಚಾಮುಂಡಿ ಬೆಟ್ಟದ ಹಾಗೆ ಒಂದೇ ಗುಡ್ಡ ಅಂದುಕೊಳ್ಳುತ್ತಾರೆ. ಸಿಂಜಾರ್ ಹಾಗಲ್ಲ. ಬಯಲಿನ ನಡುವೆ ಹತ್ತಾರು ಕಿಲೋಮೀಟರ್ ಉದ್ದಕ್ಕೂ ಹಬ್ಬಿದ ಬೋಳು ಸಾಲು, ತುದಿ 1,400 ಮೀಟರಿಗೂ ಜಾಸ್ತಿ. ಅದನ್ನು ದೊಡ್ಡದಾಗಿಯೇ ಬರೆಯಿರಿ, ಮುಂದೆ ಬೇಕಾಗುತ್ತದೆ. ಇವರ ಮಾತು ಕುರ್ಮಾಂಜಿ ಕುರ್ದಿ. ಅರ್ಮೇನಿಯಾ, ಜಾರ್ಜಿಯಾದಲ್ಲೂ ಇದ್ದಾರೆ, ಜರ್ಮನಿಯಲ್ಲಿ ಈಗ ದೊಡ್ಡ ಸಮುದಾಯವೇ ಇದೆ. ಇಷ್ಟು ಸಾಕು, ಲಾಲಿಶ್‌ಗೆ ಹೋಗಿ.

ಲಾಲಿಶ್‌ನಲ್ಲಿ ನಿಧಾನ ಮಾಡಿ. ಯಜೀದಿಗಳ ಅತಿ ಪವಿತ್ರ ಜಾಗ ಅದು. 1162ರಲ್ಲಿ ತೀರಿಕೊಂಡ ಅವರ ದೊಡ್ಡ ಸಂತ ಶೇಖ್ ಅದಿ ಅವರ ಸಮಾಧಿ ಇರುವ ಗುಡಿ ಅಲ್ಲಿದೆ. ಮೇಲೆ ಮಡಿಕೆ ಮಡಿಕೆಯಾಗಿ ಚೂಪಾಗಿ ಏಳುವ ಗೋಪುರಗಳು. ಕಣಿವೆಗೆ ಬಂದವರೆಲ್ಲ ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಓಡಾಡುತ್ತಾರೆ. ಬಾಗಿಲ ಪಕ್ಕದ ಗೋಡೆಯಲ್ಲಿ ಕಪ್ಪು ಹಾವಿನ ಕೆತ್ತನೆ. ಹೊಸಿಲು ತುಳಿಯುವಂತಿಲ್ಲ, ದಾಟಿಯೇ ಹೋಗಬೇಕು. ಒಳಗೆ ಬಣ್ಣ ಬಣ್ಣದ ರೇಷ್ಮೆ ಬಟ್ಟೆಗಳಿವೆ. ಹಿಂದೆ ಬಂದವರು ಹಾಕಿದ ಗಂಟೊಂದನ್ನು ಬಿಚ್ಚಿ, ಮನಸ್ಸಲ್ಲಿ ಏನಾದರೂ ಬೇಡಿಕೊಂಡು ತಾವೊಂದು ಗಂಟು ಹಾಕುತ್ತಾರೆ. ದೀಪಕ್ಕೆ ಆಲಿವ್ ಎಣ್ಣೆ. ಹುಟ್ಟಿದ ಮಗುವಿಗೆ ಅಲ್ಲಿಯ ಬಿಳಿ ಬುಗ್ಗೆಯ ನೀರು ಹಾಕಿಸಬೇಕು ಅನ್ನೋದು ಅವರ ಆಸೆ. ಹೊಸ ವರ್ಷ ಏಪ್ರಿಲ್‌ನಲ್ಲಿ, ಬುಧವಾರ. ಅವತ್ತು ಮೊಟ್ಟೆಗೆ ಬಣ್ಣ ಹಚ್ಚುತ್ತಾರೆ. ಹೊಸಿಲಿನ ಮಾತು ಬಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ, ನೋಡಿ.

ನಂಬಿಕೆಯ ವಿಷಯವನ್ನು ಚುಟುಕಾಗಿ, ಆದರೆ ತಪ್ಪಿಲ್ಲದೆ ಹೇಳಿ. ದೇವರು ಒಬ್ಬನೇ. ಜಗತ್ತನ್ನು ಏಳು ದೇವದೂತರ ಕೈಗೆ ಒಪ್ಪಿಸಿದ್ದಾನೆ. ಅವರಲ್ಲಿ ಹಿರಿಯ ತಾವೂಸಿ ಮೆಲೆಕ್, ನವಿಲಿನ ರೂಪದವನು. ಹೊರಗಿನವರು ಈ ದೇವದೂತನನ್ನು ತಮ್ಮ ಕಥೆಯ ಸೈತಾನನ ಜೊತೆ ಸೇರಿಸಿ, ಯಜೀದಿಗಳಿಗೆ ಸೈತಾನನ ಆರಾಧಕರು ಅಂತ ಹೆಸರಿಟ್ಟರು. ಇದು ಸುಳ್ಳು ಅಂತ ಬಿಡಿಸಿ ಹೇಳಿ. ನೂರಾರು ವರ್ಷ ಇವರನ್ನು ಕೊಲ್ಲಲು ಕೊಟ್ಟ ನೆಪ ಇದೇ.

ನವಿಲು ಅಂದ ತಕ್ಷಣ ಯಾರಾದರೂ "ಸಾರ್, ಅದು ಸುಬ್ರಹ್ಮಣ್ಯ ಅಲ್ವಾ?" ಅಂತ ಕೇಳೇ ಕೇಳುತ್ತಾರೆ. ಯಜೀದಿಗಳು ದಾರಿ ತಪ್ಪಿಹೋದ ಹಿಂದೂಗಳು ಅನ್ನುವ ವಾಟ್ಸಾಪ್ ಮೆಸೇಜನ್ನು ಅವರ ಮನೆಯವರು ನೋಡಿರುತ್ತಾರೆ. ಮಗುವನ್ನು ಗದರಬೇಡಿ, ಹೋಲಿಕೆ ಕಂಡದ್ದು ತಪ್ಪಲ್ಲ. ಆದರೆ ಅವರ ಧರ್ಮ ಅವರದೇ, ಹಾಗಂತ ಅವರೇ ಹೇಳುತ್ತಾರೆ ಎಂದು ತಿಳಿಸಿ. ನಮ್ಮವರು ಅಂತ ಸಾಬೀತಾದರೆ ಮಾತ್ರ ಮರುಕ ಅನ್ನುವುದಾದರೆ ಅದು ಯಾವ ಸೀಮೆಯ ಮರುಕ? ಈ ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ, ನೀವೂ ನಿಲ್ಲಿ. ಅವರಲ್ಲೂ ಶೇಖ್, ಪೀರ್, ಮುರೀದ್ ಅಂತ ಹುಟ್ಟಿನಿಂದ ಬರುವ ಗುಂಪುಗಳಿವೆ; ಮೊದಲೆರಡು ಗುರುಗಳದ್ದು, ಮೂರನೆಯದು ಸಾಮಾನ್ಯ ಭಕ್ತರದ್ದು. ಒಂದು ಗುಂಪಿನವರು ಇನ್ನೊಂದರಲ್ಲಿ ಮದುವೆ ಆಗುವಂತಿಲ್ಲ. ಹೊರಗಿನವರು ಯಜೀದಿ ಆಗಲೂ ಸಾಧ್ಯವಿಲ್ಲ. ಇದನ್ನೂ ಮುಚ್ಚಿಡಬೇಡಿ.

ಈಗ ದಾಳಿಗಳು. ತಮ್ಮ ಮೇಲೆ ನಡೆದ ಒಂದೊಂದು ಹತ್ಯಾಕಾಂಡವನ್ನೂ ಅವರು ಫರ್ಮಾನು ಅನ್ನುತ್ತಾರೆ. 2014ರದ್ದು 74ನೆಯದು ಅನ್ನೋದು ಅವರ ಲೆಕ್ಕ. ಎಲ್ಲವನ್ನೂ ಹೇಳಲು ಹೋಗಬೇಡಿ. 1832ರಲ್ಲಿ ರವಾಂದುಜ್‌ನ ಕುರ್ದಿ ದೊರೆ ಶೇಖಾನ್ ಸೀಮೆಯಲ್ಲಿ ಮಾಡಿದ ಕೊಲೆ. 1892ರಲ್ಲಿ ಒಟ್ಟೋಮನ್ ಸೇನಾಧಿಕಾರಿ ಒಮರ್ ವೆಹ್ಬಿ ಪಾಷಾ ಬಲವಂತವಾಗಿ ಮತಾಂತರ ಮಾಡಿಸಿದ್ದು, ಲಾಲಿಶ್ ಗುಡಿಯನ್ನೇ ಕಿತ್ತುಕೊಂಡದ್ದು. 1970ರ ದಶಕದಲ್ಲಿ ಬಾಗ್ದಾದ್ ಸರ್ಕಾರ ಹಳ್ಳಿಗಳನ್ನು ಖಾಲಿ ಮಾಡಿಸಿ, ಬಯಲಲ್ಲಿ ಕಟ್ಟಿದ ಕಾಲೋನಿಗಳಿಗೆ ಜನರನ್ನು ತುಂಬಿದ್ದು. 2007ರ ಆಗಸ್ಟ್ 14ರಂದು ಸಿಂಜಾರ್ ಸೀಮೆಯ ಎರಡು ಊರುಗಳಲ್ಲಿ ಬಾಂಬ್ ತುಂಬಿದ ವಾಹನಗಳು ಸಿಡಿದು ನೂರಾರು ಜನ ಸತ್ತದ್ದು. ಇವು ನಾಲ್ಕು ಸಾಕು. ಜೊತೆಗೆ 1915 ಮರೆಯಬೇಡಿ. ಅರ್ಮೇನಿಯನ್ನರ ನರಮೇಧ ನಡೆದಾಗ ಓಡಿ ಬಂದವರಿಗೆ ಸಿಂಜಾರ್ ಬೆಟ್ಟದ ಯಜೀದಿಗಳು ಆಸರೆ ಕೊಟ್ಟರು. ಈ ಜನ ಬರೀ ಹೊಡೆಸಿಕೊಂಡವರಲ್ಲ.

2014ಕ್ಕೆ ಬಂದಾಗ ತಾರೀಖು ಹಿಡಿದು ಹೇಳಿ. ಜೂನ್‌ನಲ್ಲಿ ಮೋಸುಲ್ ಐಸಿಸ್ ಕೈಗೆ ಬಿತ್ತು. ಆಗಸ್ಟ್ 3ರ ಬೆಳಗಿನ ಜಾವ ಸಿಂಜಾರ್ ಮೇಲೆ ದಾಳಿ. ಕಾಯಬೇಕಿದ್ದ ಪೇಶ್ಮೆರ್ಗಾ, ಅಂದರೆ ಇರಾಕಿನ ಕುರ್ದಿ ಪ್ರಾಂತ್ಯದ ಪಡೆ, ಜನರಿಗೆ ಹೇಳದೆ ಕೇಳದೆ ಜಾಗ ಬಿಟ್ಟಿತು. ಹತ್ತಾರು ಸಾವಿರ ಜನ ಬೆಟ್ಟ ಹತ್ತಿದರು. ಸುಡುವ ಬಿಸಿಲು, ನೀರಿಲ್ಲ, ನೆರಳಿಲ್ಲ. ಪುಟ್ಟ ಮಕ್ಕಳು ಬಾಯಾರಿಯೇ ಸತ್ತರು. ವಿಮಾನದಿಂದ ನೀರು, ಆಹಾರ ಎಸೆದರು. ಸಿರಿಯಾ ಕಡೆಯಿಂದ ಕುರ್ದಿ ಹೋರಾಟಗಾರರು ದಾರಿ ಬಿಡಿಸಿದ ಮೇಲೆ ತುಂಬ ಜನ ಇಳಿದು ಪಾರಾದರು. ಬೋರ್ಡಿನ ಮೇಲಿನ ಬೆಟ್ಟವನ್ನು ಈಗ ತೋರಿಸಿ.

ಆಮೇಲೆ ಕೋಚೋ ಹಳ್ಳಿ. ಅದು ಬೆಟ್ಟದ ದಕ್ಷಿಣಕ್ಕೆ ದೂರದಲ್ಲಿತ್ತು, ಓಡಿಹೋಗಲು ಆಗಲಿಲ್ಲ. ಆಗಸ್ಟ್ 15ರಂದು ಐಸಿಸ್‌ನವರು ಊರಿನವರನ್ನೆಲ್ಲ ಶಾಲೆಯ ಕಟ್ಟಡದಲ್ಲಿ ಒಟ್ಟುಗೂಡಿಸಿದರು. ಗಂಡಸರನ್ನು ಹೊರಗೆ ಒಯ್ದು ಕೊಂದರು. ವಯಸ್ಸಾದ ಹೆಂಗಸರನ್ನು ಸೋಲಾಗ್ ಅನ್ನುವ ಕಡೆ ಕೊಂದು ಹೂತರು. ಯುವತಿಯರನ್ನು, ಮಕ್ಕಳನ್ನು ಹೊತ್ತೊಯ್ದರು. ನಾದಿಯಾ ಮುರಾದ್ ಈ ಊರಿನವರು, ಆಗ 21 ವರ್ಷ. ತಾಯಿ ಮತ್ತು ಆರು ಸಹೋದರರನ್ನು ಕಳೆದುಕೊಂಡರು. 2018ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಹೆಣ್ಣುಮಕ್ಕಳನ್ನು ಮಾರಿದರು, ಅತ್ಯಾಚಾರ ಮಾಡಿದರು ಅನ್ನುವುದನ್ನು ಒಂದೇ ಸಾಲಲ್ಲಿ ನೇರವಾಗಿ ಹೇಳಿ. "ಮಾನ ಹೋಯಿತು" ಅನ್ನುವ ಮಾತು ಬಾಯಿಗೆ ಬರಬಾರದು. ವಿವರ ಬೇಡ, ಫೋಟೋ, ವಿಡಿಯೋ ಅಂತೂ ಬೇಡವೇ ಬೇಡ. ಪಾಠಕ್ಕೆ ಮೊದಲೇ, ಕಷ್ಟ ಅನಿಸಿದವರು ಎದ್ದು ಹೋಗಬಹುದು ಅಂದುಬಿಡಿ. ಬೋರ್ಡಿನ ಮೂಲೆಯಲ್ಲಿ ಮಕ್ಕಳ ಸಹಾಯವಾಣಿ 1098 ಬರೆದಿಡಿ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಸುಮ್ನೆ ಕೂತ ಯಾವ ಮಗುವಿಗೆ ಏನು ನೆನಪಾಯಿತೋ ನಮಗೆ ಗೊತ್ತಾಗಲ್ಲ. ಇಲ್ಲೇ ಇನ್ನೊಂದು ಮಾತು ಸೇರಿಸಿ. ತಪ್ಪಿಸಿಕೊಂಡು ಬಂದ ಹೆಂಗಸರನ್ನು ಯಜೀದಿಗಳ ಧರ್ಮಗುರು ಬಾಬಾ ಶೇಖ್ ಲಾಲಿಶ್‌ಗೆ ಕರೆದು, ಬುಗ್ಗೆಯ ನೀರು ಹಾಕಿಸಿ ಸಮುದಾಯಕ್ಕೆ ಸೇರಿಸಿಕೊಂಡರು. ಹೊರಗಿನವರ ಜೊತೆ ಸಂಬಂಧವಾದವರನ್ನು ಮತ್ತೆ ಸೇರಿಸಿಕೊಳ್ಳಬಾರದು ಅನ್ನುವ ಹಳೆಯ ಕಟ್ಟಳೆ ಮುರಿದು ತೆಗೆದುಕೊಂಡ ತೀರ್ಮಾನ ಅದು. ಆದರೆ ಸೆರೆಯಲ್ಲಿ ಹುಟ್ಟಿದ ಮಕ್ಕಳನ್ನು ಸಮುದಾಯ ಒಪ್ಪಲಿಲ್ಲ. ಎಷ್ಟೋ ತಾಯಂದಿರು ಮಗುವನ್ನು ಬಿಟ್ಟೇ ಬರಬೇಕಾಯಿತು.

ಕ್ಲಾಸಿನಲ್ಲಿ ಮುಸ್ಲಿಂ ಮಕ್ಕಳಿದ್ದರೆ ಎಲ್ಲರ ಕಣ್ಣು ಅವರ ಕಡೆ ತಿರುಗದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಐಸಿಸ್ 2014ರ ಅದೇ ಜೂನ್‌ನಲ್ಲಿ ಇರಾಕಿನ ತಿಕ್ರಿತ್ ಹತ್ತಿರ ಶಿಯಾ ಮುಸ್ಲಿಂ ಯುವಕರನ್ನು ನೂರುಗಟ್ಟಲೆ ಸಾಲಾಗಿ ನಿಲ್ಲಿಸಿ ಕೊಂದಿತು. ಸೆರೆಯಿಂದ ತಪ್ಪಿಸಿಕೊಂಡ ನಾದಿಯಾ ಅವರನ್ನು ಮೋಸುಲ್‌ನಲ್ಲಿ ಬಚ್ಚಿಟ್ಟು ದಾಟಿಸಿದ್ದು ಒಂದು ಸುನ್ನಿ ಕುಟುಂಬ. ಅದೇ ವರ್ಷ 120ಕ್ಕೂ ಹೆಚ್ಚು ಮುಸ್ಲಿಂ ವಿದ್ವಾಂಸರು ಐಸಿಸ್ ಮುಖ್ಯಸ್ಥನಿಗೆ ಬಹಿರಂಗ ಪತ್ರ ಬರೆದು ಇದನ್ನೆಲ್ಲ ಖಂಡಿಸಿದರು. ಹಾಗೆಯೇ ನೆರೆಹಳ್ಳಿಗಳ ಕೆಲವರು ಐಸಿಸ್ ಜೊತೆ ಸೇರಿ ಯಜೀದಿಗಳನ್ನು ಹಿಡಿದುಕೊಟ್ಟದ್ದೂ ನಿಜ. ಎರಡನ್ನೂ ಹೇಳಿ.

ಕೊನೆಗೆ ಕೋರ್ಟು. 2016ರಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗ ಇದು ನರಮೇಧ ಎಂದಿತು. 2021ರ ನವೆಂಬರ್ 30ರಂದು ಜರ್ಮನಿಯ ಫ್ರಾಂಕ್‌ಫರ್ಟ್ ಕೋರ್ಟು ಐಸಿಸ್‌ನವನೊಬ್ಬನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಐದು ವರ್ಷದ ಯಜೀದಿ ಹುಡುಗಿಯನ್ನು ಬಿಸಿಲಲ್ಲಿ ಕಟ್ಟಿಹಾಕಿ ಸಾಯಿಸಿದ್ದ. ಯಜೀದಿಗಳ ವಿಷಯದಲ್ಲಿ ನರಮೇಧದ ಮೊದಲ ಶಿಕ್ಷೆ ಅದು. ಅಪಹರಣವಾದ 6,000ಕ್ಕೂ ಹೆಚ್ಚು ಜನರಲ್ಲಿ 2,500ಕ್ಕೂ ಜಾಸ್ತಿ ಜನ 10 ವರ್ಷ ಕಳೆದರೂ ಪತ್ತೆಯಾಗಿರಲಿಲ್ಲ.

ಹೋಂವರ್ಕ್‌ಗೆ ಪ್ರಬಂಧ ಕೊಡಬೇಡಿ, ಗೂಗಲ್‌ನಿಂದ ಇಳಿಸಿ ತರುತ್ತಾರೆ. ಆಗಸ್ಟ್ 3ರಿಂದ 15ರವರೆಗೆ ತಾರೀಖುಗಳನ್ನು ಸಾಲಾಗಿ ಬರೆಸಿ. ಆ ಅಷ್ಟೂ ದಿನ ಕೋಚೋ ಐಸಿಸ್ ಮುತ್ತಿಗೆಯಲ್ಲಿತ್ತು, ಫೋನಿನಲ್ಲಿ ಸಹಾಯ ಕೇಳುತ್ತಲೇ ಇತ್ತು. ಒಂದೊಂದು ದಿನದ ಎದುರಿಗೂ ಪೇಶ್ಮೆರ್ಗಾ, ಬಾಗ್ದಾದ್ ಸರ್ಕಾರ, ವಿಶ್ವಸಂಸ್ಥೆ, ಅಮೆರಿಕ, ಪಕ್ಕದ ಊರಿನವರು ಏನು ಮಾಡಬಹುದಿತ್ತು ಅಂತ ಮಕ್ಕಳೇ ತುಂಬಲಿ. ಮರುದಿನದ ಪೀರಿಯಡ್ಡನ್ನು ಆ ಪಟ್ಟಿಗಳನ್ನು ಓದಿಸಿ ಮಾತಾಡುವುದಕ್ಕೇ ಬಿಡಿ.