ತಲೆಯ ಕಿರ್ದಿ

ವಿಜಯಪುರದ ಎಪಿಎಂಸಿಯಲ್ಲಿ ರೈತರ ಮಾಲು ಮಾರಿಸಿಕೊಡುವ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುವವನು ನಾನು. 22 ವರ್ಷವಾಯಿತು. ಈಗ ಕಂಪ್ಯೂಟರ್ ಬಂದಿದೆ, ಟ್ಯಾಲಿ ಬಂದಿದೆ. ಆದರೂ ನಮ್ಮ ಸಾವ್ಕಾರರಿಗೆ ಕೆಂಪು ಬಟ್ಟೆಯ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಬೇಕೇ ಬೇಕು. ದೀಪಾವಳಿಗೆ ಪೂಜೆ ಮಾಡೋದು ಯಾವುದಕ್ಕೆ, ಕಂಪ್ಯೂಟರಿಗೆ ಕುಂಕುಮ ಹಚ್ಚೋಕಾಗುತ್ತಾ ಅಂತಾರೆ. (ಹಚ್ಚುವವರೂ ಇದ್ದಾರೆ, ಬಿಡಿ.)

ಕಿರ್ದಿಗೆ ಒಂದೇ ನಿಯಮ. ಬೆಳಗ್ಗೆ ಆರಂಭ ಶಿಲ್ಕು, ಅಂದರೆ ಕೈಯಲ್ಲಿರುವ ಹಣ, ಬರೆಯಬೇಕು, ಸಂಜೆ ಅಖೈರು ಶಿಲ್ಕು, ಅಂದರೆ ಕೊನೆಗೆ ಉಳಿದದ್ದು, ತೆಗೆಯಬೇಕು. ಹತ್ತು ರೂಪಾಯಿ ತಾಳೆ ಬೀಳದಿದ್ದರೂ ಮನೆಗೆ ಹೋಗುವಂತಿಲ್ಲ. ಇದನ್ನು ನಾನು ಒಂದು ದಿನವೂ ತಪ್ಪಿಸಿಲ್ಲ. ಆದರೆ ನನ್ನ ತಲೆ ಮಾತ್ರ ವರ್ಷಗಟ್ಟಲೆ ಶಿಲ್ಕು ತೆಗೆಯದೆ ಹಾಗೇ ಬಿದ್ದಿತ್ತು.

ಅದು ಗೊತ್ತಾಗಿದ್ದು ಒಂದು ತೊಗರಿ ಸುಗ್ಗಿಯಲ್ಲಿ. ಅಂಗಡಿ ಮುಂದೆ ಗಾಡಿಗಳ ಸಾಲು, ಹಮಾಲರ ಕೂಗು, ಕಿವಿಗೆ ಫೋನು. ಒಬ್ಬ ರೈತರ 41 ಚೀಲ ತೊಗರಿಯನ್ನು ನಾನು ಪಟ್ಟಿಯಲ್ಲಿ 14 ಎಂದು ಬರೆದಿದ್ದೆ. ಅವರು ಪಟ್ಟಿ ಹಿಡಿದುಕೊಂಡು ಮರಳಿ ಬಂದರು. ಬೈಯಲಿಲ್ಲ. "ಅಣ್ಣಾರ, ಉಳಿದ 27 ಚೀಲ ಇಲಿ ತಿಂದ್ವೇನ್ರಿ?" ಎಂದು ನಕ್ಕರು. ಸುತ್ತ ನಿಂತವರೂ ನಕ್ಕರು. ನನಗೆ ನಗು ಬರಲಿಲ್ಲ. ಅದೇ ತಿಂಗಳಲ್ಲಿ ಅಂಥ ತಪ್ಪು ಅದು ಮೂರನೆಯದು.

ಕಾರಣ ನಿದ್ದೆ. ಹತ್ತಕ್ಕೆ ಮಲಗಿದರೆ ಒಂದರವರೆಗೆ ಫ್ಯಾನ್ ನೋಡುತ್ತಿದ್ದೆ. ನಮ್ಮ ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಒಂದು ಮಾತು ಆಡಿದರೆ ಏಳು ಸಲ ಕೇಳುತ್ತದೆ, ಅಲ್ವಾ? ನನ್ನ ತಲೆಯೂ ಹಾಗೇ ಆಗಿತ್ತು. ಅವ್ವನ ಮೊಣಕಾಲು, ಮಗನ ಫೀ, ತಮ್ಮನ ಜೊತೆ ಹೊಲದ ತಕರಾರು. ಒಂದೊಂದು ಏಳೇಳು ಸಲ.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ನಾಲ್ಕೂವರೆಗೆ ಏಳುವುದು, ಒಂದು ತಾಸು ಯೋಗ, ಅರ್ಧ ತಾಸು ಧ್ಯಾನ, ಚಹಾ ಬಂದ್. ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. 11 ದಿನ ನಡೆಯಿತು. 12ನೇ ದಿನ ಧ್ಯಾನಕ್ಕೆ ಕೂತಲ್ಲೇ ಗೊರಕೆ ಹೊಡೆದೆ ಎಂದು ಮಗ ಇಂದಿಗೂ ಆಡಿಕೊಳ್ಳುತ್ತಾನೆ. ನಮ್ಮ ಮನೆ ಬಾರಾ ಕಮಾನಿನ ಹತ್ತಿರ. ಎರಡನೇ ಅಲಿ ಆದಿಲ್ ಶಾ ಗೋಳಗುಮ್ಮಟವನ್ನೂ ಮೀರಿಸಬೇಕೆಂದು ಶುರು ಮಾಡಿದ ಗೋರಿ ಅದು ಎನ್ನುತ್ತಾರೆ. ಬರೀ ಕಮಾನುಗಳಲ್ಲೇ ನಿಂತುಬಿಟ್ಟಿತು, ಮೇಲೆ ಗುಮ್ಮಟವೇ ಇಲ್ಲ. ನನ್ನ ವೇಳಾಪಟ್ಟಿಯೂ ಅದೇ ಜಾತಿಯದು.

ದಾರಿ ಸಿಕ್ಕಿದ್ದು ಅಕಸ್ಮಾತ್ತಾಗಿ. ಒಂದು ರಾತ್ರಿ ಕರೆಂಟ್ ಬಿಲ್ ಕಟ್ಟಿದೆನೋ ಇಲ್ಲವೋ ಎಂಬುದೇ ತಲೆಯಲ್ಲಿ ತಿರುಗುತ್ತಿತ್ತು. ಎದ್ದು ಹಳೇ ಕ್ಯಾಲೆಂಡರಿನ ಹಿಂದೆ "ನಾಳೆ ಹತ್ತಕ್ಕೆ ಬಿಲ್ ನೋಡು" ಎಂದು ಬರೆದೆ. ಮಲಗಿದ್ದೊಂದೇ ಗೊತ್ತು. ಬೆಳಗಾಗಿತ್ತು.

ಮರುದಿನ 20 ರೂಪಾಯಿಯ ಒಂದು ನೋಟ್‌ಬುಕ್ ತಂದೆ. ನನಗೆ ಡೈರಿ ಬರೆಯಲು ಬರುವುದಿಲ್ಲ, ಕಿರ್ದಿ ಬರೆಯಲು ಬರುತ್ತದೆ. ಊಟವಾಗಿ ಗಂಗಾಳ ಎತ್ತಿದ ಕೂಡಲೇ ಅದೇ ಜಾಗದಲ್ಲಿ ಕೂತು ಮೂರು ಗೆರೆ ಎಳೆದೆ. ಮೊದಲ ಸಾಲಿಗೆ ಜಮಾ, ಅಂದರೆ ಇವತ್ತು ಮುಗಿದದ್ದು. ಎರಡನೆಯದು ಬಾಕಿ, ನಾಳೆ ಮಾಡಬೇಕಾದದ್ದು. ಮೂರನೆಯದು ವಸೂಲಾಗದ ಬಾಕಿ.

ಈ ಮೂರನೆಯದರ ಬಗ್ಗೆ ಸ್ವಲ್ಪ ಹೇಳಬೇಕು. ಪ್ರತಿ ಅಂಗಡಿಯಲ್ಲೂ ಇನ್ನು ಬರುವುದಿಲ್ಲ ಎಂದು ಗೊತ್ತಾದ ಉದ್ರಿ ಇರುತ್ತದೆ. ಅದನ್ನು ಬೇರೆ ಪುಟಕ್ಕೆ ಹಾಕುತ್ತೇವೆ. ಮರೆಯುವುದಿಲ್ಲ, ಆದರೆ ದಿನಾ ಕೂಡಿಸುವುದೂ ಇಲ್ಲ. ಕೂಡಿಸಿದರೆ ಯಾವತ್ತೂ ಶಿಲ್ಕು ತಾಳೆ ಬೀಳದು. ಮಳೆ ಬರುತ್ತದೋ ಇಲ್ಲವೋ, ನನ್ನ ತಮ್ಮನು ಜನರ ಮುಂದೆ ಆಡಿದ ಮಾತು, ಅವ್ವನ ವಯಸ್ಸು, ಇವೆಲ್ಲ ಅಲ್ಲಿಗೆ ಹೋದವು. ಅವ್ವನ ಮಾತ್ರೆ ತರುವುದು ಎರಡನೇ ಸಾಲಿಗೆ ಬಂತು. ಯಾವುದು ಯಾವ ಸಾಲಿಗೆ ಎಂದು ನಿರ್ಧರಿಸುವುದರಲ್ಲೇ ಅರ್ಧ ಭಾರ ಇಳಿಯುತ್ತಿತ್ತು. ತಮ್ಮನ ವಿಷಯ ಮೂರು ವಾರ ಮೂರನೇ ಸಾಲಿನಲ್ಲಿತ್ತು. ಒಂದು ದಿನ ಸುಮ್ನೆ ಎರಡನೆಯದಕ್ಕೆ ತಂದೆ: "ಭಾನುವಾರ ಫೋನ್ ಮಾಡು." ಮಾಡಿದೆ. ತಕರಾರು ಮುಗಿದಿಲ್ಲ, ಮಾತು ಶುರುವಾಗಿದೆ.

ಮೊದಮೊದಲು ಜಮಾ ಸಾಲನ್ನೇ ಉದ್ದುದ್ದ ಬರೆಯುತ್ತಿದ್ದೆ. ನನ್ನನ್ನು ನಾನೇ ಹೊಗಳಿಕೊಂಡಂತೆ. ನರ್ಸಿಂಗ್ ಓದುವ ಮಗಳು ಅದನ್ನು ನೋಡಿ, "ಅಪ್ಪಾ, ಉಲ್ಟಾ ಮಾಡ್ಲಿಕ್ಕತ್ತೀರಿ" ಎಂದಳು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದ ಬಗ್ಗೆ ಹೇಳಿದಳು. 57 ಹುಡುಗ ಹುಡುಗಿಯರಿಗೆ ಮಲಗುವ ಮುನ್ನ 5 ನಿಮಿಷ ಬರೆಯಲು ಕೊಟ್ಟರಂತೆ. ಕೆಲವರು ಮುಗಿದ ಕೆಲಸ ಬರೆದರು, ಉಳಿದವರು ಮುಂದೆ ಮಾಡಬೇಕಾದ ಕೆಲಸ. ಮುಂದಿನದನ್ನು ಬರೆದವರಿಗೆ ಸುಮಾರು 9 ನಿಮಿಷ ಬೇಗ ನಿದ್ದೆ ಬಂತು. ಬಿಡಿಸಿ ಬರೆದಷ್ಟೂ ಬೇಗ. 9 ನಿಮಿಷ ಏನು ಮಹಾ ಅಂತೀರಾ? ಕತ್ತಲಲ್ಲಿ ಫ್ಯಾನ್ ಎಣಿಸಿದವರನ್ನು ಕೇಳಿ. ಅವತ್ತಿನಿಂದ ಜಮಾ ಒಂದೇ ಗೆರೆ. ಬಾಕಿ ಸಾಲಿನಲ್ಲಿ "ಬ್ಯಾಂಕ್ ಕೆಲಸ" ಎಂದು ಬರೆಯದೆ "11ಕ್ಕೆ ಬ್ಯಾಂಕು, ಪಾಸ್‌ಬುಕ್ ಚೀಲದಲ್ಲಿದೆ" ಎಂದು ಬರೆಯತೊಡಗಿದೆ.

ಚಹಾದ ಕಥೆ ಸಣ್ಣದು. ಅಂಗಡಿಗೆ ಯಾರು ಬಂದರೂ ಅರ್ಧ ಚಾ. ದಿನಕ್ಕೆ ಒಂಬತ್ತು, ಹತ್ತು ಆಗುತ್ತಿತ್ತು. ಸಂಜೆ ಐದಕ್ಕೆ ಕುಡಿದ ಚಹಾದ ಕೆಫೀನ್ ಅರ್ಧದಷ್ಟು ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ ಎಂದು ಮಗಳು ಹೇಳಿದ ಮೇಲೆ ಮಧ್ಯಾಹ್ನ ಮೂರರ ನಂತರ ನಿಲ್ಲಿಸಿದೆ. ಮೊದಲ ವಾರ ತಲೆನೋವು. ಆಮೇಲೆ ಏನಿಲ್ಲ.

ಇನ್ನು ಫೋನು. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಬಿಳಿ ಅಂಗಿಗೆ ಜೇಬೇ ಇರಲಿಲ್ಲ, ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ನನ್ನ ಅಂಗಿಗೆ ಎರಡು ಜೇಬು, ಎರಡರಲ್ಲೂ ಫೋನು, ಒಂದು ಅಂಗಡಿಯದು. ನನ್ನಿಂದ ಅಷ್ಟು ದೊಡ್ಡ ಬಿಡುಗಡೆ ಆಗದು. ಬೆಳಗ್ಗೆ ಹಾಲು ತರಲು ಹೋಗುವಾಗ ಮಾತ್ರ ಎರಡನ್ನೂ ಗೋಡೆಯ ಗೂಡಿನಲ್ಲಿ ಬಿಟ್ಟು ಹೋಗುತ್ತೇನೆ. ಬಾರಾ ಕಮಾನು ಸುತ್ತಿ ಬರಲು ಇಪ್ಪತ್ತು ನಿಮಿಷ. ಕಪ್ಪು ಕಲ್ಲಿನ ಕಮಾನುಗಳ ನಡುವೆ ಎಳೆ ಬಿಸಿಲು ಬೀಳುತ್ತಿರುತ್ತದೆ. ಏಪ್ರಿಲ್, ಮೇನಲ್ಲಿ ಆ ಹೊತ್ತು ಬಿಟ್ಟರೆ ನಮ್ಮೂರಲ್ಲಿ ಸುಖವಾಗಿ ನಡೆಯಲು ಬೇರೆ ಹೊತ್ತೇ ಇಲ್ಲ.

21 ದಿನ ಮಾಡಿದರೆ ರೂಢಿಯಾಗುತ್ತದೆ ಎಂದು ಯಾರೋ ಹೇಳಿದ್ದರು. 21ನೇ ದಿನ ನಾನು ನೋಟ್‌ಬುಕ್ ತೆಗೆಯುವುದನ್ನೇ ಮರೆತೆ! ಲಂಡನ್ನಿನಲ್ಲಿ 96 ಜನರನ್ನು ನೋಡಿದ ಒಂದು ಅಧ್ಯಯನದಲ್ಲಿ ರೂಢಿ ಬೀಳಲು ಸರಾಸರಿ 66 ದಿನ ಬೇಕಾಯಿತಂತೆ. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಇಲ್ಲ ಎಂದೂ ಗೊತ್ತಾಯಿತು. ನನಗೆ ಹೆಚ್ಚುಕಡಿಮೆ ನಾಲ್ಕು ತಿಂಗಳು ಹಿಡಿಯಿತು.

ನನ್ನದು ಇಷ್ಟಕ್ಕೇ ಸರಿಹೋಯಿತು. ನಮ್ಮ ಮಾರುಕಟ್ಟೆಯಲ್ಲೇ ಒಬ್ಬರಿಗೆ ಹೀಗೆ ಸರಿಹೋಗಲಿಲ್ಲ. ವಾರಗಟ್ಟಲೆ ಊಟ ಸೇರದು, ಮಾತು ಬೇಡ, ಬದುಕೇ ಬೇಡ ಎನ್ನುತ್ತಿದ್ದರು. ಅವರಿಗೆ ನೋಟ್‌ಬುಕ್ ಕೊಡಲಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಹೋಗಲು ಸಂಕೋಚವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಈಗ ಐದನೇ ನೋಟ್‌ಬುಕ್ ನಡೆದಿದೆ. ಪಟ್ಟಿಯಲ್ಲಿ ತಪ್ಪು ಇನ್ನೂ ಆಗುತ್ತದೆ, ವರ್ಷಕ್ಕೆ ಒಂದೋ ಎರಡೋ. ಮೊನ್ನೆ ನೋಟ್‌ಬುಕ್ ತೆಗೆದರೆ ಮೂರನೇ ಸಾಲಿನಲ್ಲಿ ನನ್ನದಲ್ಲದ ಅಕ್ಷರ ಕಂಡಿತು. ನನ್ನ ಹೆಂಡತಿಯದು. "ಇವರ ಗೊರಕೆ" ಎಂದು ಬರೆದಿದ್ದಳು.