ಘಟ್ಟದಲ್ಲಿ ಗಾಡಿ ಓಡಿಸುವವರು ಯಾರಿಗೆಲ್ಲ ‘ಆಗೋದಿಲ್ಲ’ ಅನ್ನಬೇಕು

ಕ್ಲಚ್, ಗೇರು, ಸ್ಟೇರಿಂಗು ಎಲ್ಲವನ್ನೂ ಡ್ರೈವಿಂಗ್ ಸ್ಕೂಲಿನವರು ಕಲಿಸುತ್ತಾರೆ. ‘ಆಗೋದಿಲ್ಲ’ ಅನ್ನೋದನ್ನು ನಾವೇ ಕಲಿಯಬೇಕು. ಶಿರಸಿ ಕಡೆ ಇದು ಭಾರೀ ಕಷ್ಟದ ವಿದ್ಯೆ. ಕೇಳುವವರೆಲ್ಲ ನಮ್ಮವರೇ ಅಲ್ವಾ? ಭಾವ ಕೇಳುತ್ತಾರೆ, ಪಕ್ಕದ ತೋಟದ ಹೆಗಡೇರು ಕೇಳುತ್ತಾರೆ, ದಿನಾ ಚಾ ಕೊಡುವ ಅಂಗಡಿಯವರು ಕೇಳುತ್ತಾರೆ. ನನ್ನದು ಪಿಕಪ್. ಅಡಿಕೆ, ಬಾಳೆಕಾಯಿ, ಗೊಬ್ಬರ, ಸಿಕ್ಕಿದ ಬಾಡಿಗೆ ಹೊಡೆಯುತ್ತೇನೆ. ಹೆಚ್ಚಿನದು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ. ಅಕ್ಕನ ಮಗ ಮೊನ್ನೆ ಒಂದು ಹಳೇ ಪಿಕಪ್ ತೆಗೆದುಕೊಂಡ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಲೈಸೆನ್ಸ್, ಆರ್‌.ಸಿ., ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್ ಎಲ್ಲರಿಗೂ ಬೇಕು. ಬಾಡಿಗೆ ಗಾಡಿಗೆ ಎಫ್‌.ಸಿ. (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಕೂಡ ಬೇಕು. ಗಾಡಿಗೆ 8 ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಸರಕು ಗಾಡಿಯ ಒಟ್ಟು ತೂಕ 3,000 ಕೆ.ಜಿ. ದಾಟಿದರೆ ಪರ್ಮಿಟ್ಟೂ ಬೇಕು. ಇವನ್ನೆಲ್ಲ ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿ ತೋರಿಸಿದರೂ ನಡೆಯುತ್ತದೆ. ವಾಟ್ಸಾಪಿನಲ್ಲಿಟ್ಟ ಫೋಟೊ ತೋರಿಸಿ ವಾದ ಮಾಡಬೇಡಿ. ಕಾರಿನ ಲೈಸೆನ್ಸಿನಲ್ಲಿ ಪಿಕಪ್ ಓಡಿಸಬಹುದಾ ಅಂತ ಅಳಿಯ ಕೇಳಿದ. ಓಡಿಸಬಹುದು. ಒಟ್ಟು ತೂಕ 7,500 ಕೆ.ಜಿ. ಒಳಗಿನ ಸರಕು ಗಾಡಿಗೆ ಎಲ್‌.ಎಂ.ವಿ. ಅಂದರೆ ಹಗುರ ಗಾಡಿಯ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ಹೇಳಿದೆ.

ಇನ್ಶೂರೆನ್ಸ್ ತಪ್ಪಿದರೆ ಮೊದಲ ಸಲದ ದಂಡ 2,000 ರೂಪಾಯಿ. ಇಷ್ಟೇನಾ ಅನ್ನಿಸುತ್ತದೆ. ಆದರೆ ಅವತ್ತೇ ಯಾರಿಗಾದರೂ ಗುದ್ದಿದರೆ ಕೋರ್ಟು ಹೇಳಿದ ಪರಿಹಾರವನ್ನು ಮಾಲೀಕನೇ ಕೈಯಿಂದ ಕಟ್ಟಬೇಕು. ಅದು ಎಷ್ಟೋ ಲಕ್ಷ ಆಗಬಹುದು. ತೋಟ ಮಾರುವ ಲೆಕ್ಕ ಅದು.

ಈಗ ‘ಆಗೋದಿಲ್ಲ’ದ ಪಾಠಕ್ಕೆ ಬರೋಣ. ಎಲ್ಲಕ್ಕಿಂತ ಜಾಸ್ತಿ ಅನ್ನಬೇಕಾಗಿ ಬರುವುದು ಹಿಂದೆ ಕೂರುತ್ತೇವೆ ಅನ್ನುವವರಿಗೆ. ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೆ ಆಳುಗಳನ್ನು ಹಿಂದೆ ಹತ್ತಿಸು ಅಂತಾರೆ. ರಾತ್ರಿ ಯಕ್ಷಗಾನದ ಆಟ ಮುಗಿದ ಮೇಲೆ ಇಡೀ ಕೇರಿಯೇ ಗಾಡಿ ಹತ್ತಲು ತಯಾರು. ‘ಎರಡೇ ಕಿಲೋಮೀಟರು ಮಾರಾಯ’ ಅನ್ನುವುದು ಮಾಮೂಲಿ ಮಾತು. ಸರಕು ಗಾಡಿಯಲ್ಲಿ ಸರಕಿನ ಮಾಲೀಕ ಅಥವಾ ಅವನು ಕಳಿಸಿದ ಜನ ಬರಬಹುದು, ಅದೂ ಕ್ಯಾಬಿನ್ನಿನಲ್ಲಿ, ಸೀಟು ಇದ್ದಷ್ಟು ಮಾತ್ರ. ಹಿಂದೆ ಚೀಲದ ಮೇಲೆ ಕೂತವರು ಸತ್ತರೆ ಇನ್ಶೂರೆನ್ಸ್ ಕಂಪನಿ ನಮಗೆ ಸಂಬಂಧ ಇಲ್ಲ ಅನ್ನುತ್ತದೆ. ಕಾನೂನೂ ಅದರ ಪರವೇ ಇದೆ. ಸರಕಿನ ಮಾಲೀಕನೇ ಆದರೂ ಹಿಂದೆ ಕೂತಿದ್ದರೆ ಕಷ್ಟ. ಕೋರ್ಟು ಕಂಪನಿಗೆ ಮೊದಲು ಕೊಡು ಅಂತ ಹೇಳಿದರೂ ಆ ದುಡ್ಡನ್ನು ಅದು ಆಮೇಲೆ ನಮ್ಮಿಂದಲೇ ವಸೂಲು ಮಾಡುತ್ತದೆ.

2025ರ ಜನವರಿ 22ರ ನಸುಕು ನಮ್ಮ ಜಿಲ್ಲೆಯವರಿಗೆ ನೆನಪಿರುತ್ತದೆ. ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ಹೇರಿಕೊಂಡು ಬರುತ್ತಿದ್ದ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ ಉರುಳಿತು. ಸರಕಿನ ಜೊತೆ ಹೊರಟಿದ್ದ ವ್ಯಾಪಾರಿಗಳಲ್ಲಿ 10 ಜನ ತೀರಿಹೋದರು. ಲಾರಿ ಮಗುಚಿದರೆ ಹಿಂದಿದ್ದವರ ಮೇಲೆ ಸರಕೇ ಬೀಳುತ್ತದೆ. ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಇಲ್ಲ ಅನ್ನುವಾಗ ಪೊಲೀಸರ ಹೆಸರು ಹೇಳಬೇಡಿ. ‘ಈ ದಾರೀಲಿ ಯಾವ ಪೊಲೀಸು’ ಅಂತ ನಗುತ್ತಾರೆ. ಇನ್ಶೂರೆನ್ಸ್ ಹೆಸರು ಹೇಳಿ. ‘ನಿಮಗೆ ಏನಾದರೂ ಆದರೆ ನಿಮ್ಮ ಮನೆಯವರಿಗೆ ಒಂದು ಪೈಸೆ ಸಿಗೋದಿಲ್ಲ’ ಅಂದರೆ ಹತ್ತಲು ಕಾಲೆತ್ತಿದವರೂ ಇಳಿಸುತ್ತಾರೆ. ನಾನು ಇನ್ನೊಂದು ಉಪಾಯ ಮಾಡುತ್ತೇನೆ. ಅಲ್ಲೇ ನಿಂತು ಗುರುತಿನ ಆಟೋದವರಿಗೆ ಫೋನ್ ಮಾಡಿ ಕೊಡುತ್ತೇನೆ. ಬೇಜಾರು ಅರ್ಧ ಕಡಿಮೆ ಆಗುತ್ತದೆ.

ಎರಡನೆಯದು ಕೀ ಕೇಳುವ ಮಾಣಿಗಳು, ಅಂದರೆ ಹುಡುಗರು. ‘ಮನೆ ಅಂಗಳದಿಂದ ರಸ್ತೆವರೆಗೆ ಅಷ್ಟೇ’ ಅಂತ ಶುರುವಾಗುತ್ತದೆ. 18 ಆಗದವರು ಗಾಡಿ ಓಡಿಸಿ ಅಪರಾಧ ಆದರೆ ಹೊಣೆ ತಂದೆತಾಯಿ ಅಥವಾ ಮಾಲೀಕರ ಮೇಲೆ. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಈ ಕೊನೆಯದನ್ನು ಹುಡುಗನ ಮುಂದೆಯೇ ಹೇಳಿ. ಜೈಲಿಗಿಂತ ಅದು ಜೋರಾಗಿ ನಾಟುತ್ತದೆ. ವಯಸ್ಸಾಗಿದ್ದು ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟರೂ ಕೊಟ್ಟವರಿಗೆ 5,000 ದಂಡ ಉಂಟು.

ಕುಡಿತದ ಬಗ್ಗೆ ಉದ್ದ ಭಾಷಣ ಬೇಡ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಮೊದಲ ಸಲವೇ 10,000 ದಂಡ ಅಥವಾ 6 ತಿಂಗಳು ಜೈಲು ಅಥವಾ ಎರಡೂ. ಮದುವೆಮನೆಯ ಹಿಂದೆ ‘ಒಂದೇ ಪೆಗ್’ ಅನ್ನುವವರಿಗೆ ಕೀ ತೋರಿಸಿ ಎದ್ದು ಬನ್ನಿ.

ಇನ್ನು ಘಟ್ಟ. ಹೊರಡುವ ಮೊದಲು ಟೈರು ನೋಡಿ. ಗೆರೆಯ ಆಳ 1.6 ಮಿ.ಮೀ.ಗಿಂತ ಕಡಿಮೆ ಆಗಿದ್ದರೆ ಅದು ಕಾನೂನಿಗೂ ಆಗದು, ನಮ್ಮ ಮಳೆಗೂ ಆಗದು. ವೈಪರ್, ಬ್ರೇಕ್ ಲೈಟು ಕೆಲಸ ಮಾಡುತ್ತವಾ ನೋಡಿ. ಲೋಡಿನ ಹಗ್ಗವನ್ನು ಎಳೆದು ನೋಡಿ. ಇಳಿಜಾರು ಶುರುವಾಗುವ ಮೊದಲೇ ಗೇರು ಇಳಿಸಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ವೇಗವನ್ನು ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಬ್ರೇಕು ಒತ್ತಿಯೇ ಇಟ್ಟರೆ ಕಾದು ಹೋಗುತ್ತದೆ, ಮೊದಲು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ವಾಸನೆ ಬಂದ ಕೂಡಲೇ ಅಗಲ ಇದ್ದಲ್ಲಿ ನಿಲ್ಲಿಸಿ, ತಣಿಯಲು ಬಿಡಿ. ನೀರು ಹಾಕಬೇಡಿ.

ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಹಿರಿಯ ಡ್ರೈವರ್‌ಗಳು ಈಗಲೂ ಇದ್ದಾರೆ. ಅವರ ಅನುಭವಕ್ಕೆ ಗೌರವ ಕೊಡೋಣ, ಈ ಅಭ್ಯಾಸಕ್ಕೆ ಬೇಡ. ಇಂಜಿನ್ನಿನ ಹಿಡಿತವೇ ಹೋಗುತ್ತದೆ. ಅಷ್ಟರ ಮೇಲೆ ಇಂಜಿನ್ ಆಫ್ ಮಾಡಿದರೆ ಪವರ್ ಸ್ಟೇರಿಂಗ್ ಕಲ್ಲಾಗುತ್ತದೆ, ಬ್ರೇಕಿಗೆ ಬೂಸ್ಟರಿನ ಬಲವೂ ಸಿಗುವುದಿಲ್ಲ.

ಇಕ್ಕಟ್ಟು ಜಾಗದಲ್ಲಿ ಎದುರಿಗೆ ಗಾಡಿ ಬಂದರೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು. ಇದು ಮರ್ಯಾದೆ ಮಾತ್ರ ಅಂದುಕೊಳ್ಳಬೇಡಿ, ರಸ್ತೆ ನಿಯಮವೇ ಹಾಗಿದೆ. ಲೋಡಿನ ಲಾರಿ ಏರಿನಲ್ಲಿ ನಿಂತರೆ ಮತ್ತೆ ಎತ್ತುವುದು ಎಷ್ಟು ಕಷ್ಟ ಅಂತ ಓಡಿಸಿದವರಿಗೇ ಗೊತ್ತು. ಹಿಂದಿನಿಂದ ಹಾರ್ನ್ ಹೊಡೆಯುವ ಬೆಂಗಳೂರು ಕಾರಿಗೂ ‘ಆಗೋದಿಲ್ಲ’ ಅನ್ನಿ. ತಿರುವು ಮುಗಿದ ಮೇಲೆ ಬದಿ ಕೊಟ್ಟರೆ ಸಾಕು. ಮಂಜು ಕವಿದಾಗ ಹೈ ಬೀಮ್ ಹಾಕಿದರೆ ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತದೆ. ಲೋ ಬೀಮ್ ಇಟ್ಟು ನಿಧಾನ ಹೋಗಿ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸಬೇಡಿ, ನೀವು ಎತ್ತ ತಿರುಗುತ್ತೀರಿ ಅಂತ ಹಿಂದಿನವರಿಗೆ ತಿಳಿಯುವುದಿಲ್ಲ.

ಮಳೆಗಾಲದಲ್ಲಿ ಜಿಲ್ಲಾಡಳಿತ ಒಂದು ಘಟ್ಟ ಬಂದ್ ಮಾಡಿದರೆ ಬ್ಯಾರಿಕೇಡ್ ಸರಿಸಿ ನುಗ್ಗಬೇಡಿ. ದೊಡ್ಮನೆ ಘಟ್ಟ ಇದೆ, ಯಲ್ಲಾಪುರದ ಮೇಲೆ ಅರಬೈಲ್ ಇದೆ, ಅತ್ತ ಗೇರುಸೊಪ್ಪೆ ಇದೆ. ಯಾವುದು ತೆರೆದಿದೆ ಅಂತ ಹೊರಡುವ ಮೊದಲೇ ಕೇಳಿಕೊಳ್ಳಿ. ಸುತ್ತು ಬಳಸಿದ ಡೀಸೆಲ್ಲನ್ನು ಬಾಡಿಗೆಯಲ್ಲೇ ಸೇರಿಸಿ ಕೇಳಿ, ನಾಚಿಕೆ ಬೇಡ.

ಕೆಳಗೆ ಹೆದ್ದಾರಿ 66ಕ್ಕೆ ಬಂದರೆ ಬೇರೆ ತಾಪತ್ರಯ. ಯು-ಟರ್ನ್ ದೂರ ಅಂತ ರಾಂಗ್ ಸೈಡಿನಲ್ಲಿ ಬರುವ ಬೈಕುಗಳು ಅಂಕೋಲಾದಿಂದ ಭಟ್ಕಳದವರೆಗೂ ಸಿಗುತ್ತವೆ. ಈಗ ಕಾನೂನಿನಲ್ಲಿ ಅದು ಅಪಾಯಕಾರಿ ಚಾಲನೆ, ಮೊಬೈಲ್ ಕೈಯಲ್ಲಿ ಹಿಡಿದು ಓಡಿಸುವುದೂ ಹಾಗೇ. ಮೀನಿನ ಗಾಡಿಗಳಿಂದ ನೀರು ಸುರಿದ ಕಡೆ ಜಾರುತ್ತದೆ, ಅಂತರ ಇಟ್ಟುಕೊಳ್ಳಿ. ಎಲ್ಲಿ ನಿಲ್ಲಿಸುತ್ತೇವೆ ಅನ್ನೋದೂ ಮುಖ್ಯ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಅದರ ಬುಡದಲ್ಲಿದ್ದ ಚಾ ಅಂಗಡಿ, ಹತ್ತಿರ ನಿಂತಿದ್ದ ಗಾಡಿಗಳು ಎಲ್ಲ ಮಣ್ಣಿನ ಜೊತೆ ಹೋದವು. ಒಂದು ಲಾರಿ ಗಂಗಾವಳಿ ನದಿಯಲ್ಲಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ನಾನಂತೂ ಮಳೆಗಾಲದಲ್ಲಿ ಕಡಿದ ಗುಡ್ಡದ ಕೆಳಗೆ ಚಾಕ್ಕೆ ನಿಲ್ಲಿಸುವುದಿಲ್ಲ. ಜೊತೆಗಿದ್ದವರು ಗೊಣಗಲಿ.

ಇಷ್ಟೆಲ್ಲ ಆಗಿಯೂ ಅಪಘಾತ ಆದರೆ? ಓಡಬೇಡಿ. ಗಾಯಾಳುವನ್ನು ಹತ್ತಿರದ ಆಸ್ಪತ್ರೆಗೆ ಸೇರಿಸುವುದು ಡ್ರೈವರನ ಕಾನೂನಿನ ಹೊಣೆ. ಜನ ಹೊಡೆಯಲು ಬಂದರೆ ಮಾತ್ರ ವಿನಾಯಿತಿ. ಆಗ ನೇರ ಪೊಲೀಸ್ ಸ್ಟೇಷನ್ನಿಗೆ ಹೋಗಿ. ಏನಿದ್ದರೂ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಫೋನ್ 112. ಘಟ್ಟದ ಕೆಲವು ತಿರುವಿನಲ್ಲಿ ಸಿಗ್ನಲ್ ಇರುವುದಿಲ್ಲ, ಎದುರು ಬಂದ ಗಾಡಿಯವರ ಹತ್ತಿರ ಹೇಳಿ ಕಳಿಸಿ. ಬೇರೆಯವರ ಅಪಘಾತ ಕಂಡರೂ ನಿಲ್ಲಿಸಿ. ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳು ಅಂತ ಒತ್ತಾಯಿಸುವಂತೆಯೂ ಇಲ್ಲ. ದೊಡ್ಡ ಪೆಟ್ಟಾದರೆ ನಮ್ಮ ಜಿಲ್ಲೆಯಿಂದ ಹುಬ್ಬಳ್ಳಿಗೋ ಮಣಿಪಾಲಕ್ಕೋ ಒಯ್ಯಬೇಕು. ಹಾಗಾಗಿ ಮೊದಲ ಗಂಟೆ ಇಲ್ಲಿ ಇನ್ನೂ ಬೆಲೆಯದ್ದು. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆ ಬಂದಿದೆ. ಅದರಲ್ಲಿ ಸೇರಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನ, 1.5 ಲಕ್ಷದವರೆಗೆ ನಗದು ಕಟ್ಟದೇ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಕೇಳಿ.

ನಿರ್ಲಕ್ಷ್ಯದಿಂದ ಒಬ್ಬರ ಜೀವ ಹೋದರೆ ಹಳೆಯ ಐ.ಪಿ.ಸಿ.ಯಲ್ಲಿ 2 ವರ್ಷದವರೆಗೆ ಜೈಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 5 ವರ್ಷದವರೆಗೆ.

ಕಡೆಗೆ ಒಬ್ಬರು ಬರುತ್ತಾರೆ, ‘ಸ್ಟೇಷನ್ ಎಲ್ಲ ಯಾಕೆ, ಇಲ್ಲೇ ಮಾತಾಡಿ ಮುಗಿಸೋಣ’ ಅಂತ. ಬಂಪರ್ ಒಡೆದಿದ್ದರೆ ಮುಗಿಸಿ. ಯಾರಿಗಾದರೂ ಪೆಟ್ಟಾಗಿದ್ದರೆ ಅವರಿಗೂ ‘ಆಗೋದಿಲ್ಲ’ ಅನ್ನಿ. ಇವತ್ತು ಎದ್ದು ನಿಂತವರಿಗೆ ನಾಳೆ ತಲೆನೋವು ಶುರುವಾಗಬಹುದು. ಆಗ ರಾಜಿಗೆ ಕೂತವರು ಯಾರೂ ಇರುವುದಿಲ್ಲ, ಪೊಲೀಸ್ ದಾಖಲೆಯೂ ಇರುವುದಿಲ್ಲ. ಗಾಡಿ ಸರಿಸುವ ಮೊದಲು ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ, ಎರಡೂ ಗಾಡಿಯ ನಂಬರ್ ಕಾಣುವ ಹಾಗೆ. ಪಾಲಿಸಿ ನಂಬರ್, ಜಾಗ, ಹೊತ್ತು, ಗಾಯಾಳುಗಳ ಹೆಸರು, ಡ್ರೈವರನ ಲೈಸೆನ್ಸ್ ವಿವರ ಬರೆದು ಇನ್ಶೂರೆನ್ಸ್ ಕಂಪನಿಗೆ ಅವತ್ತೇ ಕಳಿಸಿ.