ಕೆರೆ ನೀರಿನ ಒಂದು ಹನಿ, ಎರಡು ಮೈಕ್ರೋಸ್ಕೋಪು

ಶಾಲೆಯ ಲ್ಯಾಬಿನಲ್ಲಿರುವ ಮೈಕ್ರೋಸ್ಕೋಪು ಹೆಚ್ಚೆಂದರೆ ಸಾವಿರ ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನದ್ದು ಲಕ್ಷದ ಲೆಕ್ಕ. ಹಾಗಾದರೆ ಎರಡನೆಯದೇ ವಾಸಿ ಅಲ್ವಾ? ಬದುಕಿರುವ ಜೀವಿಯನ್ನು ನೋಡಬೇಕು ಅಂತಿದ್ದರೆ ಅಲ್ಲ. ಆ ದುಬಾರಿ ಯಂತ್ರದೊಳಗೆ ಹೋಗುವ ಹೊತ್ತಿಗೆ ಜೀವಿ ಸತ್ತಿರುತ್ತದೆ.

ಯಾಕೆ ಅಂತ ತಿಳಿಯಲು ಒಂದೇ ಜೀವಿಯನ್ನು ಎರಡೂ ಕಡೆ ಕರೆದುಕೊಂಡು ಹೋಗೋಣ. ಪ್ಯಾರಮೀಸಿಯಂ. ಒಂದೇ ಕೋಶದ ಜೀವಿ, ಚಪ್ಪಲಿ ಅಟ್ಟೆಯ ಆಕಾರ, ಉದ್ದ ಸುಮಾರು 0.2 ಮಿಲಿಮೀಟರ್.

ಮೊದಲು ಸಾಕಿಕೊಳ್ಳಿ

ಕೆರೆಯ ಅಂಚಿನಲ್ಲಿ, ಎಲೆ ಕೊಳೆತು ಬಿದ್ದಿರುವ ಕಡೆಯಿಂದ ಒಂದು ಬಾಟಲಿ ನೀರು ತನ್ನಿ. ಅದಕ್ಕೆ ಸ್ವಲ್ಪ ಒಣಹುಲ್ಲು ಹಾಕಿ, ಬಾಯಿಯನ್ನು ಸಡಿಲವಾಗಿ ಮುಚ್ಚಿ, ನೇರ ಬಿಸಿಲು ಬೀಳದ ಜಾಗದಲ್ಲಿ ನಾಲ್ಕೈದು ದಿನ ಇಡಿ. ನಾತ ಬರುತ್ತದೆ. ಮನೆಯವರು ಬೈಯುತ್ತಾರೆ, ಬೈಸಿಕೊಳ್ಳಿ. ಹುಲ್ಲು ಕೊಳೆತಂತೆ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಅವನ್ನು ತಿನ್ನುತ್ತಾ ಪ್ಯಾರಮೀಸಿಯಂ ಹೆಚ್ಚುತ್ತವೆ. ನಲ್ಲಿ ನೀರು ಮಾತ್ರ ಬೆರೆಸಬೇಡಿ, ಅದರಲ್ಲಿ ಕ್ಲೋರಿನ್ ಇರುತ್ತದೆ.

ಸ್ಲೈಡು

ನೀರಿನ ಮೇಲೆ ಕಟ್ಟಿದ ಪೊರೆಯ ಸ್ವಲ್ಪ ಕೆಳಗಿಂದ ಡ್ರಾಪರ್‌ನಲ್ಲಿ ಒಂದು ಹನಿ ತೆಗೆದು ಸ್ಲೈಡಿನ ಮೇಲೆ ಬಿಡಿ. ಹತ್ತಿಯ ನಾಲ್ಕೈದು ಎಳೆ ಬಿಡಿಸಿ ಹನಿಯಲ್ಲಿ ಹಾಕಿ. ಇದು ಬೇಲಿ. ಇಲ್ಲದಿದ್ದರೆ ಪ್ಯಾರಮೀಸಿಯಂ ಕಣ್ಣಿಗೆ ಸಿಕ್ಕ ಮರುಕ್ಷಣವೇ ಓಡಿಹೋಗುತ್ತದೆ. ಆಮೇಲೆ ಕವರ್ ಸ್ಲಿಪ್ಪಿನ (ಹನಿಯ ಮೇಲೆ ಮುಚ್ಚುವ ತೆಳ್ಳನೆಯ ಗಾಜು) ಒಂದು ಅಂಚನ್ನು ಮೊದಲು ನೀರಿಗೆ ತಾಗಿಸಿ, ಓರೆಯಾಗಿ ಹಿಡಿದು, ನಿಧಾನವಾಗಿ ಇಳಿಸಿ. ದಬಕ್ಕನೆ ಬಿಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಪಿಯುಸಿಯಲ್ಲಿ ನಾನು ಅರ್ಧ ಗಂಟೆ ಕೂತು, ಪೆನ್ಸಿಲ್ ಚೂಪು ಮಾಡಿಕೊಂಡು, ರೆಕಾರ್ಡ್ ಪುಸ್ತಕದಲ್ಲಿ ಬರೆದ ‘ಜೀವಕೋಶ’ದ ಚಿತ್ರ ಇಂಥದ್ದೇ ಒಂದು ಗುಳ್ಳೆಯದ್ದು. ದಪ್ಪ ಕಪ್ಪು ಅಂಚು, ಒಳಗೆ ಏನೂ ಇಲ್ಲ ಅಂದರೆ ಅದು ಗಾಳಿ. ಮುಂದಕ್ಕೆ ಹೋಗಿ.

ನೋಡುವುದು

4ರ ಲೆನ್ಸಿನಿಂದ ಶುರು ಮಾಡಿ. ಕಣ್ಣಿನ ಹತ್ತಿರದ ಲೆನ್ಸು 10ರದ್ದಾದರೆ ಒಟ್ಟು 40 ಪಟ್ಟು. ಪ್ಯಾರಮೀಸಿಯಂ ಸಿಕ್ಕ ಮೇಲೆ 10ರ ಲೆನ್ಸು, ಆಮೇಲೆ 40ರದ್ದು. ನಲವತ್ತರ ಲೆನ್ಸಿಗೆ ಬಂದ ಮೇಲೆ ದೊಡ್ಡ ತಿರುಪು ಮುಟ್ಟಬೇಡಿ, ಚಿಕ್ಕದು ಮಾತ್ರ. ಇಲ್ಲದಿದ್ದರೆ ಲೆನ್ಸು ಹೋಗಿ ಗಾಜಿಗೆ ಗುದ್ದುತ್ತದೆ.

ಏನೂ ಕಾಣುತ್ತಿಲ್ಲ ಅಂತ ಹೆಚ್ಚಿನವರು ಬೆಳಕು ಜಾಸ್ತಿ ಮಾಡುತ್ತಾರೆ. ತಪ್ಪಾಗುವುದೇ ಇಲ್ಲಿ. ಬದುಕಿರುವ ಕೋಶ ಗಾಜಿನ ಹಾಗೆ ಪಾರದರ್ಶಕ. ಬೆಳಕು ಸುಮ್ನೆ ತೂರಿ ಹೋಗುತ್ತದೆ. ಸ್ಲೈಡು ಇಡುವ ಸ್ಟೇಜಿನ ಕೆಳಗೆ ಇರುವ ಡಯಾಫ್ರಂ (ಬೆಳಕು ಬರುವ ಕಿಂಡಿ) ಅನ್ನು ಸ್ವಲ್ಪ ಮುಚ್ಚಿ ನೋಡಿ, ಅಂಚುಗಳು ಎದ್ದು ಬರುತ್ತವೆ. ಬಣ್ಣ ಹಾಕದೆ, ಕೊಲ್ಲದೆ ಇನ್ನೂ ಚೆನ್ನಾಗಿ ನೋಡಲು ಫೇಸ್ ಕಾಂಟ್ರಾಸ್ಟ್ ಅನ್ನುವ ಉಪಾಯವಿದೆ. ಅದನ್ನು ಕಂಡುಹಿಡಿದ ಫ್ರಿಟ್ಸ್ ಜೆರ್ನಿಕೆಗೆ 1953ರಲ್ಲಿ ನೊಬೆಲ್ ಬಂತು.

ಈಗ ಒಂದು ಪ್ಯಾರಮೀಸಿಯಂ ಹತ್ತಿ ಎಳೆಗಳ ನಡುವೆ ಸಿಕ್ಕಿಕೊಂಡಿದೆ ಅನ್ನಿ. ಅಂಚಿನಲ್ಲಿ ಸಣ್ಣ ರೋಮಗಳು ಗಾಳಿಗೆ ಪೈರು ತೂಗಿದ ಹಾಗೆ ಅಲೆ ಅಲೆಯಾಗಿ ಬಡಿಯುತ್ತಿರುತ್ತವೆ. ಮೈಯೊಳಗೆ ಒಂದು ದುಂಡನೆಯ ಗುಳ್ಳೆ ಮೆಲ್ಲಗೆ ಊದುತ್ತದೆ, ಊದುತ್ತದೆ, ಪಟ್ಟನೆ ಮಾಯ. ಮತ್ತೆ ಅದೇ ಜಾಗದಲ್ಲಿ ಇನ್ನೊಂದು. ಒಳಗೆ ನುಗ್ಗುವ ನೀರನ್ನು ಜೀವಿ ಹೊರಗೆ ಹಾಕುತ್ತಿದೆ. ವಾಚು ಹಿಡಿದು ಎಣಿಸಿ. ಎಷ್ಟು ಕೋಟಿ ಕೊಟ್ಟರೂ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಈ ಎಣಿಕೆ ಮಾಡಲು ಆಗುವುದಿಲ್ಲ.

ಬೆಳಕು ಎಲ್ಲಿ ಸೋಲುತ್ತದೆ

ಆ ರೋಮ ಇದೆಯಲ್ಲ, ಅದರ ದಪ್ಪ ಸುಮಾರು 250 ನ್ಯಾನೋಮೀಟರ್ (ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರ್). ಎರಡು ಚುಕ್ಕೆಗಳ ನಡುವೆ ಸುಮಾರು 200 ನ್ಯಾನೋಮೀಟರ್‌ಗಿಂತ ಕಡಿಮೆ ಅಂತರ ಇದ್ದರೆ ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪಿಗೆ ಅವೆರಡೂ ಒಂದೇ. ಈ ಮಿತಿ ಬೆಳಕಿನ ಅಲೆಯ ಉದ್ದದಿಂದ ಬರುತ್ತದೆ ಅಂತ ಜರ್ಮನಿಯ ವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲೇ ಹೇಳಿದ್ದ. ಲೆನ್ಸು ಬದಲಿಸಿ ಎಷ್ಟು ದೊಡ್ಡದು ಮಾಡಿದರೂ, ಮೊಬೈಲಿನಲ್ಲಿ ಫೋಟೋ ಹಿಗ್ಗಿಸಿದ ಹಾಗೆ, ಮಸುಕೇ ದೊಡ್ಡದಾಗುತ್ತದೆ. ರೋಮದ ಒಳಗೆ ಏನಿದೆ? ಅದಕ್ಕೆ ಬೇರೆ ಯಂತ್ರವೇ ಬೇಕು.

1931ರಲ್ಲಿ ಬರ್ಲಿನ್‌ನಲ್ಲಿ ಅರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಬೆಳಕಿನ ಬದಲು ಎಲೆಕ್ಟ್ರಾನ್ ಹರಿಸಿ, ಗಾಜಿನ ಬದಲು ವಿದ್ಯುತ್ ಹರಿಯುವ ತಂತಿ ಸುರುಳಿಗಳನ್ನು ಲೆನ್ಸಾಗಿ ಬಳಸಿ ಹೊಸ ಮೈಕ್ರೋಸ್ಕೋಪು ಮಾಡಿದರು. ಎಲೆಕ್ಟ್ರಾನಿನ ಅಲೆ ಬೆಳಕಿನದ್ದಕ್ಕಿಂತ ಸಾವಿರಾರು ಪಟ್ಟು ಚಿಕ್ಕದು. ಆದರೆ ಗಾಳಿಯಲ್ಲಿ ಅದು ನೆಟ್ಟಗೆ ಹೋಗುವುದಿಲ್ಲ, ಡಿಕ್ಕಿ ಹೊಡೆದು ಚದುರುತ್ತದೆ. ಹಾಗಾಗಿ ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಯಬೇಕು. ಗಾಳಿ ಇಲ್ಲದ ಕಡೆ ನೀರು ತಣ್ಣಗಿದ್ದರೂ ಕುದಿದು ಆವಿಯಾಗುತ್ತದೆ. ಕೋಶದಲ್ಲಿ ಇರುವುದು ಬಹುಪಾಲು ನೀರೇ.

ಪ್ಯಾರಮೀಸಿಯಂನ ಕೊನೆಯ ಪ್ರಯಾಣ

ಮೊದಲು ಗ್ಲುಟರಾಲ್ಡಿಹೈಡ್ ಅನ್ನುವ ರಾಸಾಯನಿಕದಲ್ಲಿ ಮುಳುಗಿಸಿ, ಇದ್ದದ್ದು ಇದ್ದ ಹಾಗೇ ನಿಲ್ಲಿಸುತ್ತಾರೆ. ಜೀವ ಹೋಗುವುದು ಇಲ್ಲೇ. ಆಮೇಲೆ ಆಸ್ಮಿಯಂ ಟೆಟ್ರಾಕ್ಸೈಡ್ ಅನ್ನುವ ಇನ್ನೊಂದು ರಾಸಾಯನಿಕ. ಇದರ ಹಬೆ ಕಣ್ಣಿಗೆ ಅಪಾಯ, ಮನೆಯಲ್ಲಿ ಮಾಡುವ ಮಾತೇ ಇಲ್ಲ. ಆಮೇಲೆ ಆಲ್ಕೋಹಾಲಿನ ಪ್ರಮಾಣ ಏರಿಸುತ್ತಾ ಹೋಗಿ ನೀರು ಪೂರ್ತಿ ತೆಗೆದು, ಆ ಜಾಗಕ್ಕೆ ರೆಸಿನ್ (ಅಂಟಿನಂಥ ದ್ರವ) ತುಂಬಿ ಗಟ್ಟಿ ಮಾಡುತ್ತಾರೆ. ವಜ್ರದ ಚಾಕುವಿನಿಂದ ಸುಮಾರು 70 ನ್ಯಾನೋಮೀಟರ್ ದಪ್ಪಕ್ಕೆ ಹೆರೆದು, ಸಣ್ಣ ತಾಮ್ರದ ಜಾಲರಿ ಮೇಲೆ ಕೂರಿಸಿ, ಒಳಗಿನ ಭಾಗಗಳು ಎದ್ದು ಕಾಣಲು ಯುರೇನಿಯಂ ಮತ್ತು ಸೀಸದ ಲವಣ ಹಚ್ಚುತ್ತಾರೆ. ಇಷ್ಟಕ್ಕೆ ದಿನಗಳೇ ಬೇಕು.

ಸಿಗುವ ಚಿತ್ರ ಮಾತ್ರ ಬೇರೆ ಲೆವೆಲ್ಲು. ಅಡ್ಡ ಕೊಯ್ದ ರೋಮದೊಳಗೆ ಸುತ್ತಲೂ ಒಂಬತ್ತು ಜೋಡಿ ಕೊಳವೆ, ನಡುವೆ ಎರಡು. ನಮ್ಮ ಶ್ವಾಸನಾಳದ ರೋಮಗಳಲ್ಲೂ ಇದೇ ಜೋಡಣೆ. ಎಲ್ಲವೂ ಕಪ್ಪು ಬಿಳುಪು. ಪತ್ರಿಕೆಗಳಲ್ಲಿ ಬರುವ ಬಣ್ಣ ಬಣ್ಣದ ವೈರಸ್ ಚಿತ್ರಗಳಿಗೆ ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿರುತ್ತಾರೆ.

ಅಪವಾದ ಇಲ್ಲವೇ ಇಲ್ಲ ಅಂತಲ್ಲ. 2013ರಲ್ಲಿ ಜಪಾನಿನ ವಿಜ್ಞಾನಿಗಳು ಹಣ್ಣಿನ ನೊಣದ ಮರಿಹುಳುವನ್ನು ಯಂತ್ರದೊಳಗಿಟ್ಟು ಜೀವಂತವಾಗಿ ಹೊರಗೆ ತೆಗೆದರು. ಎಲೆಕ್ಟ್ರಾನ್ ಬಿದ್ದಾಗ ಮೈಮೇಲಿನ ಅಂಟೇ ತೆಳ್ಳನೆಯ ಪೊರೆಯಾಗಿ ಒಳಗಿನ ನೀರನ್ನು ಹಿಡಿದಿಟ್ಟಿತ್ತು. ಆದರೂ ಕಂಡದ್ದು ಹೊರಮೈ ಮಾತ್ರ. 2017ರ ನೊಬೆಲ್ ಪಡೆದ ಕ್ರಯೋ ವಿಧಾನದಲ್ಲಿ ರಾಸಾಯನಿಕ ಬೇಡ, ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿದರೆ ಸಾಕು. ಅಲ್ಲೂ ಏನೂ ಅಲುಗಾಡುವುದಿಲ್ಲ.

ಅದಕ್ಕೇ ಎಷ್ಟೋ ಲ್ಯಾಬುಗಳಲ್ಲಿ ಎರಡನ್ನೂ ಜೋಡಿಸಿ ಬಳಸುತ್ತಾರೆ. ಬದುಕಿರುವಾಗ ಬೆಳಕಿನಲ್ಲಿ ವಿಡಿಯೋ, ಆಮೇಲೆ ಅದೇ ಕೋಶವನ್ನು ನಿಲ್ಲಿಸಿ ಎಲೆಕ್ಟ್ರಾನಿನಲ್ಲಿ ಚಿತ್ರ.

ಮನೆಯಲ್ಲಿ ಮೈಕ್ರೋಸ್ಕೋಪೇ ಇಲ್ಲವೇ? ಮನು ಪ್ರಕಾಶ್ ಮತ್ತು ಜೊತೆಗಾರರು ಮಾಡಿದ ಕಾಗದದ ಫೋಲ್ಡ್‌ಸ್ಕೋಪ್ ಸುಮಾರು 140 ಪಟ್ಟು ತೋರಿಸುತ್ತದೆ, ಪ್ಯಾರಮೀಸಿಯಂಗೆ ಅಷ್ಟು ಸಾಕು. ನೋಡುವಾಗ ಹನಿ ಒಣಗುತ್ತಾ ಬಂದರೆ ಕವರ್ ಸ್ಲಿಪ್ಪಿನ ಅಂಚಿಗೆ ಅದೇ ಬಾಟಲಿಯ ನೀರು ಒಂದು ತೊಟ್ಟು ಬಿಡಿ. ಎಲ್ಲ ಮುಗಿದ ಮೇಲೆ ಬಾಟಲಿಯನ್ನು ಗಿಡದ ಬುಡಕ್ಕೆ ಸುರಿದು, ಸೋಪು ಹಾಕಿ ಕೈ ತೊಳೆದುಕೊಳ್ಳಿ.